ಮೂರು ನೀರಿನ ಕೋಳಿ

ನನ್ನ ಅಕ್ಕನಿಗೆ ಹೇಸಿಗೆ ಅನ್ನುವುದು ಹುಟ್ಟಿನಿಂದಲೇ ಬಂದದ್ದು. ಮೂರು ವರ್ಷದವಳಿದ್ದಾಗಲೇ ಹಾಲಿನ ಮೇಲಿನ ಕೆನೆ ನೋಡಿ ಮುಖ ಸಿಂಡರಿಸಿ ಲೋಟ ತಳ್ಳುತ್ತಿದ್ದಳಂತೆ. ಐವತ್ತೆರಡಾದರೂ ಹಾಗೇ ಇದ್ದಾಳೆ. ಬಸ್ಸಿನ ಕಂಬಿ ಹಿಡಿಯಲು ಕರವಸ್ತ್ರ ಬೇಕು. ಯಾರ ಮನೆಗೆ ಹೋದರೂ ಕಾಫಿ ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ, ಕೊಟ್ಟವರ ಎದುರಿಗೇ. ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸುತ್ತದೆ. ಮಾತೆತ್ತಿದರೆ "ಛೀ". ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವಳು ಮುಖ್ಯ ಅಡುಗೆಯವಳು. ಅಲ್ಲಿ ಉಣ್ಣುವ ನೂರಿಪ್ಪತ್ತು ಜನರೂ ಅವಳನ್ನು ಕರೆಯುವುದು ಛೀಯಕ್ಕ ಅಂತಲೇ. ಅದನ್ನು ಅವಳು ಬಿರುದು ಅಂದುಕೊಂಡಿದ್ದಾಳೆ.

ನಾನು ಅಲ್ಲೇ ತರಕಾರಿ ಹೆಚ್ಚುವವಳು. ನಾವು ಒಟ್ಟಿಗೆ ಕೆಲಸ ಮಾಡಲು ತೊಡಗಿ ಹದಿನೆಂಟು ವರ್ಷವಾಯಿತು. ಅವಳ ಅಡುಗೆಮನೆಯಲ್ಲಿ ಒಂದು ನೊಣ ಕಂಡರೆ ಯಾರಾದರೂ ಬೈಸಿಕೊಳ್ಳಲೇಬೇಕು. ಒಲೆಯ ಹಿಂದಿನ ಗೋಡೆಯನ್ನು ಅವಳೇ ಸ್ಟೂಲು ಹತ್ತಿ ಉಜ್ಜುತ್ತಾಳೆ.

ಅವಳಿಗೆ ಎಲ್ಲಕ್ಕಿಂತ ಹೇಸಿಗೆ ಹಸಿ ಕೋಳಿ. ಪ್ರತಿ ಮಂಗಳವಾರ ಎರಡು ದೊಡ್ಡ ಟಬ್ಬು ಕೋಳಿ ಬರುತ್ತದೆ. ಜಿಬಜಿಬ ಅನ್ನುವ ಚರ್ಮ, ತಳದಲ್ಲಿ ನಿಂತ ಕೆಂಪು ನೀರು, ಹಸಿ ವಾಸನೆ. ನಿಜ ಹೇಳಬೇಕೆಂದರೆ ನಾನೂ ಆ ಟಬ್ಬಿನ ಕಡೆ ನೋಡದೆ ದಾಟುತ್ತೇನೆ. ಅಕ್ಕ ಮೂಗಿಗೆ ಬಟ್ಟೆ ಕಟ್ಟಿಕೊಂಡು, ನಲ್ಲಿಯನ್ನು ಪೂರ್ತಿ ತಿರುಗಿಸಿ, ತುಂಡುಗಳನ್ನು ತಿಕ್ಕಿ ತಿಕ್ಕಿ ಮೂರು ನೀರಿನಲ್ಲಿ ತೊಳೆಯುತ್ತಿದ್ದಳು. "ಮೂರು ನೀರು ಕಾಣದ ಕೋಳಿ ನನ್ನ ಒಲೆ ಹತ್ತಲ್ಲ" ಅನ್ನುವುದು ಅವಳ ಹೆಮ್ಮೆಯ ಮಾತು. ಆ ನಲ್ಲಿಯಿಂದ ಎರಡು ಮೊಳ ದೂರದಲ್ಲಿ ನನ್ನ ಹಲಗೆ. ಮಂಗಳವಾರ ಅದರ ಮೇಲೆ ಸೌತೆಕಾಯಿ ಇರುತ್ತಿತ್ತು, ಊಟದ ಜೊತೆ ಹಸಿಯಾಗಿ ಕೊಡುವುದಕ್ಕೆ.

ನಮ್ಮೆದುರಿನ ತೊಟ್ಟಿಯಲ್ಲಿ ಪಾತ್ರೆ ತೊಳೆಯುವವಳು ಸೀನಮ್ಮ. ತೊಳೆಯುವ ಪುಡಿ ಆಗಿಬರದೆ ದಿನವಿಡೀ ಸೀನುತ್ತಾಳೆಂದು ಆ ಹೆಸರು. ಸೀನು ಬಂದಾಗಲೆಲ್ಲ ಪಾಪ, ಹಿಂದಿನ ಬಾಗಿಲಿಗೆ ಓಡಿಹೋಗಿ ಸೀನಿ, ಕೈತೊಳೆದು ಬರುತ್ತಿದ್ದಳು. ಅಕ್ಕನಿಗೆ ಅವಳು ಅಲ್ಲಿ ಇರುವುದೇ ಹೇಸಿಗೆ. ಅವಳು ತಂದ ಡಬ್ಬಿಯ ಪಕ್ಕ ತನ್ನ ಡಬ್ಬಿಯನ್ನೂ ಇಡುತ್ತಿರಲಿಲ್ಲ.

ಒಂದು ಮಂಗಳವಾರದ ಊಟ ಆಗಿ ಎರಡು ದಿನಕ್ಕೆ ಗಲಾಟೆ ಶುರುವಾಯಿತು. ಗುರುವಾರ ಹನ್ನೆರಡು ಜನಕ್ಕೆ ಜ್ವರ, ಹೊಟ್ಟೆನೋವು, ಭೇದಿ. ಶನಿವಾರದ ಹೊತ್ತಿಗೆ ಮೂವತ್ತೊಂದು ಜನ. ಕಾರ್ಖಾನೆಯಲ್ಲಿ ಇರುವ ನಾಲ್ಕು ಕಕ್ಕಸಿನ ಕಥೆ ನಾನು ಹೇಳುವುದಿಲ್ಲ, ನೀವು ಈಗಷ್ಟೇ ಊಟ ಮಾಡಿರಬಹುದು. ಒಬ್ಬ ಗುಮಾಸ್ತನಿಗಂತೂ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಬೇಕಾಯಿತು.

ಮ್ಯಾನೇಜರು ಊಟದ ಕೋಣೆಗೇ ಬಂದು ಇದು ಹೇಗಾಯಿತೆಂದು ಕೇಳಿದರು. ಅಕ್ಕ ಒಂದು ಕ್ಷಣವೂ ಯೋಚಿಸಲಿಲ್ಲ.

"ನನ್ನನ್ನೇನು ಕೇಳ್ತೀರಾ ಸಾರ್? ಅವಳ ಮೂಗು ನೋಡಿ. ಅದೇ ಕೈಲಿ ತಟ್ಟೆ ತೊಳೀತಾಳೆ. ಛೀ, ನೆನೆಸಿಕೊಂಡ್ರೇ ವಾಕರಿಕೆ ಬರುತ್ತೆ."

ಎಲ್ಲರ ಕಣ್ಣೂ ಸೀನಮ್ಮನ ಕಡೆ ತಿರುಗಿತು. ಅವಳು ತನ್ನ ಎರಡೂ ಕೈಯನ್ನು ಏಪ್ರನ್ ಕೆಳಗೆ ಮುಚ್ಚಿಕೊಂಡಳು. ಆರೋಗ್ಯ ಇಲಾಖೆಯ ವರದಿ ಬರುವವರೆಗೆ ಬರಬೇಡ, ನಿನ್ನದೇ ತಪ್ಪು ಅಂತಾದರೆ ಕೆಲಸ ಹೋಯಿತು ಅಂದುಕೋ, ಎಂದರು ಮ್ಯಾನೇಜರು. ಅವಳ ಗಂಡ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು, ಮನೆಯಲ್ಲಿ ದುಡಿಯುವ ಕೈ ಅವಳದೊಂದೇ.

ಸೋಮವಾರ ಆರೋಗ್ಯ ಇಲಾಖೆಯಿಂದ ಇನ್‌ಸ್ಪೆಕ್ಟರಮ್ಮ ಬಂದಳು. ಸಣ್ಣ ವಯಸ್ಸು, ಒಂದು ನೋಟ್‌ಬುಕ್ಕು, ನಗದ ಮುಖ. ಅಡುಗೆಮನೆಗೆ ಕಾಲಿಡುವ ಮೊದಲು ಎರಡು ದಿನ ಬರೀ ಜನರನ್ನು ಕೂರಿಸಿಕೊಂಡು, ಯಾರು ಏನು ತಿಂದರು, ಏನು ಬಿಟ್ಟರು ಅಂತ ಕೇಳಿದಳು. ಆಮೇಲೆ ನಮ್ಮಿಬ್ಬರ ಎದುರು ನೋಟ್‌ಬುಕ್ಕು ತೆರೆದಳು.

"ಲಾರಿ ಡ್ರೈವರ್ ನಾಲ್ಕು ಸಲ ಕೋಳಿ ಹಾಕಿಸಿಕೊಂಡಿದ್ದಾರೆ, ಸೌತೆಕಾಯಿ ಮುಟ್ಟಿಲ್ಲ. ಗುಂಡುಕಲ್ಲಿನ ಹಾಗಿದ್ದಾರೆ. ವಾಚ್‌ಮನ್ ಮಾಂಸವೇ ತಿನ್ನಲ್ಲ, ಸೌತೆಕಾಯಿ ತಿಂದಿದ್ದಾರೆ, ಎದ್ದು ನಿಲ್ಲೋಕಾಗ್ತಿಲ್ಲ. ತಟ್ಟೆಯಲ್ಲಿ ದೋಷ ಇದ್ದಿದ್ರೆ ಇಬ್ಬರಿಗೂ ಬರಬೇಕಿತ್ತಲ್ವಾ?"

"ಹಾಗಾದ್ರೆ ಸೌತೆಕಾಯೇ ಕೆಟ್ಟಿತ್ತೇನೋ" ಅಂದಳು ಅಕ್ಕ.

"ನೀವು ಕೋಳಿ ಹೇಗೆ ತೊಳೀತೀರಿ, ಸ್ವಲ್ಪ ತೋರಿಸ್ತೀರಾ?"

ಅಕ್ಕನಿಗೆ ಖುಷಿಯೋ ಖುಷಿ. ಇನ್‌ಸ್ಪೆಕ್ಟರಮ್ಮ ಕಾರ್ಖಾನೆಯಿಂದ ದೊಡ್ಡ ಬಿಳಿ ಹಾಳೆಗಳನ್ನು ತರಿಸಿ ಕೋಳಿ ತೊಳೆಯುವ ನಲ್ಲಿಯ ಸುತ್ತ, ನನ್ನ ಹಲಗೆಯ ಮೇಲೆ, ನೆಲದ ಮೇಲೆ ಹಾಸಿದಳು. ಕೋಳಿ ತುಂಡಿಗೆ ನೀಲಿ ಶಾಯಿ ಸುರಿದಳು. ಅಕ್ಕ ನಲ್ಲಿ ತಿರುಗಿಸಿ, ಪರೀಕ್ಷೆಗೆ ಕೂತ ಜಾಣೆಯ ಹಾಗೆ ತಿಕ್ಕಿ ತಿಕ್ಕಿ ಮೂರು ನೀರು ತೊಳೆದಳು.

ಹಾಳೆಗಳ ಮೇಲೆಲ್ಲ ನೀಲಿ ಚುಕ್ಕೆ. ನನ್ನ ಹಲಗೆಯ ಮೇಲೆ, ಚಾಕುವಿನ ಹಿಡಿಯ ಮೇಲೆ, ನನ್ನ ತೋಳಿನ ಮೇಲೆ. ಅಕ್ಕನ ಕೆನ್ನೆಯ ಮೇಲೂ ಎರಡು.

"ಹಸಿ ಕೋಳಿ ಮೇಲಿರೋ ರೋಗಾಣು ನೀರಿಗೆ ಸಾಯಲ್ಲಮ್ಮ, ಹಾರುತ್ತೆ ಅಷ್ಟೇ" ಅಂದಳು ಇನ್‌ಸ್ಪೆಕ್ಟರಮ್ಮ. "ಅದನ್ನ ಸಾಯಿಸೋದು ಬೆಂಕಿ. ಒಳಗಿನವರೆಗೂ ಚೆನ್ನಾಗಿ ಬೆಂದ್ರೆ ಕೋಳಿ ತೊಳೆಯೋದೇ ಬೇಡ. ನೀವು ಬೇಯಿಸೋ ಕೋಳಿ ಶುದ್ಧವಾಗಿದೆ. ಸೌತೆಕಾಯಿಯನ್ನ ಯಾರು ಬೇಯಿಸ್ತಾರೆ?"

ಅಕ್ಕ ಕೆನ್ನೆ ಒರೆಸಿಕೊಳ್ಳಲಿಲ್ಲ. ಹಾಳೆಗಳನ್ನೇ ನೋಡುತ್ತ ನಿಂತಳು. ಹದಿನೆಂಟು ವರ್ಷದ ಮಂಗಳವಾರಗಳೆಲ್ಲ ಅವಳಿಗೆ ಅಲ್ಲಿ ಕಂಡಿರಬೇಕು.

ನನಗೆ ಕಂಡದ್ದು ಒಂದೇ ಮಂಗಳವಾರ. ಅವತ್ತು ಹೆಚ್ಚಿಟ್ಟ ಸೌತೆಕಾಯಿಯ ಮೇಲೆ ತೆಳು ಕೆಂಪು ಹನಿಗಳು ಬಿದ್ದದ್ದನ್ನು ನಾನು ನೋಡಿದ್ದೆ. ಹಸಿ ಕೋಳಿಯ ವಾಸನೆಯೂ ಬಂದಿತ್ತು. ಎಸೆದರೆ ಮತ್ತೆ ಅಷ್ಟೂ ಹೆಚ್ಚಬೇಕಲ್ಲ ಅಂತ ಏಪ್ರನ್ ತುದಿಯಿಂದ ಒರೆಸಿ, ಉಪ್ಪು ಉದುರಿಸಿ ಕಳಿಸಿಬಿಟ್ಟಿದ್ದೆ. ನಾನು ಮಾತ್ರ ಒಂದು ಚೂರೂ ತಿಂದಿರಲಿಲ್ಲ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಉಗುಳಬೇಕು ಅನ್ನಿಸುತ್ತದೆ.

ಮ್ಯಾನೇಜರು ಸೀನಮ್ಮನನ್ನು ಸದ್ದಿಲ್ಲದೆ ವಾಪಸು ಕರೆಸಿ ಮುಗಿಸೋಣ ಅಂದರು. ಅವಳು ಬಂದಳು, ಆದರೆ ಬಾಗಿಲಲ್ಲೇ ನಿಂತಳು.

"ನನ್ನ ಕೈ ಹೊಲಸು ಅಂತ ಎಲ್ಲರ ಮುಂದೆ ಹೇಳಿದ್ರಿ ಅಕ್ಕ. ನನ್ನ ಕೈ ತೊಳೆದ ತಟ್ಟೆ ಅಂತ ಜನ ಮೂಗು ಮುರೀತಾರೆ. ಈಗ ನಿಜವನ್ನೂ ಎಲ್ಲರ ಮುಂದೆ ಹೇಳಿ. ಇಲ್ಲಾಂದ್ರೆ ನನಗೆ ಈ ಕೆಲಸ ಬೇಡ."

ಅಕ್ಕ ಒಪ್ಪುತ್ತಾಳೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಮರುದಿನ ಮಧ್ಯಾಹ್ನ ಊಟದ ಕೋಣೆ ತುಂಬಿದಾಗ ಅವಳು ಸೌಟು ಕೆಳಗಿಟ್ಟು ಜನರ ನಡುವೆ ಹೋಗಿ ನಿಂತಳು.

"ನಿಮಗೆ ಕಾಯಿಲೆ ತಂದಿದ್ದು ನಾನು. ಹೇಸಿಗೆ ಪಟ್ಟುಕೊಂಡು ಕೋಳಿ ತೊಳೆದು, ಅದರ ಕೊಳಕನ್ನ ನಿಮ್ಮ ತಟ್ಟೆಗೆ ಹಾರಿಸಿದೆ. ಇವಳ ಕೈ ಶುದ್ಧವಾಗೇ ಇತ್ತು. ಸುಳ್ಳು ಹೇಳಿ ಇವಳ ಅನ್ನ ಕಿತ್ತುಕೊಳ್ಳೋಕೆ ಹೋದೆ. ತಪ್ಪಾಯ್ತು."

ಸೀನಮ್ಮನ ಕಣ್ಣಲ್ಲಿ ನೀರು ಬಂತು. ಹಿಂದಿನ ಸಾಲಿನಲ್ಲಿದ್ದ ಯಂತ್ರದವನೊಬ್ಬ ಕೂಗಿದ: "ಅಲ್ಲಕ್ಕ, ಸೌತೆಕಾಯಿ ಹೆಚ್ಚೋರು ಪಕ್ಕದಲ್ಲೇ ಇದ್ರಲ್ಲ? ಅವರಿಗೆ ಕಾಣಿಸ್ಲಿಲ್ವಾ?"

ನಾನು ಏಪ್ರನ್ ತುದಿಯನ್ನು ಮುದುಡಿ ಹಿಡಿದೆ.

"ಇಲ್ಲಪ್ಪ" ಅಂದಳು ಅಕ್ಕ. "ನನ್ನ ತಂಗಿ ಕೆಲಸದಲ್ಲಿ ಕಣ್ಣಿಗೆ ಎಣ್ಣೆ ಬಿಟ್ಕೊಂಡಿರ್ತಾಳೆ. ಒಂದು ಹನಿ ಕಂಡಿದ್ರೂ ಅಷ್ಟನ್ನೂ ಎಸೆದಿರ್ತಿದ್ಲು."

ಅದು ಅವಳ ನಂಬಿಕೆ. ಸೀನಮ್ಮ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಆ ಮಂಗಳವಾರ ಅವಳು ನನ್ನೆದುರಿಗೇ ಇದ್ದಳು, ನಾನು ಒರೆಸಿದ್ದನ್ನು ನೋಡಿದ್ದಳು. ಅವಳು ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.