ಒಂದು ವಿಲ್ಲಾ, ಆರು ಸಂಸಾರ

ಕಳೆದ ಮಂಗಳವಾರ ಮಧ್ಯಾಹ್ನ. ಮಗಳು ಅನ್ವಿ ಸ್ಕೂಲ್ ಬಸ್ಸಿನಿಂದ ಇಳಿದು ಬಂದು ಊಟಕ್ಕೆ ಕೂತಿದ್ದಳು. ನಮ್ಮ ವಿಲ್ಲಾದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದೇ ಒಂದು ಪದ ಬಂತು: 'ಚಪ್ಪಲ್.'

ಅನ್ನದ ಕೈಯಲ್ಲೇ ಎದ್ದು ಓಡಿದೆ. ಹೊರಗೆ ಬಿಟ್ಟಿದ್ದ ಚಪ್ಪಲಿ, ಮಗಳ ಶೂ, ಎಲ್ಲವನ್ನೂ ಬಾಚಿ ಒಳಗೆ ಎಳೆದುಕೊಂಡೆ. ಟೀವಿ ಆಫ್. ಫ್ಯಾನ್ ಆಫ್. ಬಾಗಿಲಿಗೆ ಬೋಲ್ಟು.

ಕಳ್ಳರು ಬಂದರೇ ಅಂದಿರಾ? ಇಲ್ಲ, ಮುನಿಸಿಪಾಲಿಟಿಯವರು ಬಂದಿದ್ದರು. (ಕಳ್ಳರಾದರೆ ಪೊಲೀಸರಿಗೆ ಫೋನ್ ಮಾಡಬಹುದಿತ್ತು.)

ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿರುವ ನಮ್ಮ ವಿಲ್ಲಾ ಹೊರಗಿನಿಂದ ಯಾರೋ ಶ್ರೀಮಂತರ ಮನೆಯಂತೆ ಕಾಣುತ್ತದೆ. ಒಳಗೆ ಆರು ಸಂಸಾರ! ಪ್ಲೈವುಡ್, ಜಿಪ್ಸಮ್ ಬೋರ್ಡ್ ಹೊಡೆದು ಒಂದು ಮನೆಯನ್ನು ಆರು ಮಾಡಿದ್ದಾರೆ. ಒಂದು ವಿಲ್ಲಾದಲ್ಲಿ ಒಂದೇ ಕುಟುಂಬ ಇರಬೇಕು ಎನ್ನುವುದು ಇಲ್ಲಿನ ನಿಯಮ. ಸಿಕ್ಕಿಬಿದ್ದರೆ ಕರೆಂಟ್ ಕಟ್, ಮನೆ ಖಾಲಿ. ಪಕ್ಕದ ಬೀದಿಯಲ್ಲಿ ಒಂದು ವಿಲ್ಲಾ ಸಿಕ್ಕಿಬಿದ್ದದ್ದೇ ಬಾಗಿಲ ಹೊರಗಿನ ಚಪ್ಪಲಿ ರಾಶಿಯಿಂದ. ಅಂದಿನಿಂದ ಮಹಡಿಯಲ್ಲಿರುವ ಉಪ್ಪಿನಂಗಡಿಯ ಝೊಹರಾ ನಮ್ಮ ಕಾವಲು. ಬೀದಿಗೆ ಮುನಿಸಿಪಾಲಿಟಿ ಕಾರು ತಿರುಗಿತೋ, ಅವಳ ಮೆಸೇಜ್ ಬಂತು.

ಇಂಥ ಮನೆಗೆ ಯಾಕಮ್ಮ ಹೋದೆ ಅನ್ನುತ್ತೀರಿ. ಅನ್ನಬೇಕಾದದ್ದೇ.

ಮನೆ ತೋರಿಸಿದ್ದು ಸುಧಾಕರಣ್ಣ. ಲೈಸೆನ್ಸ್ ಇಲ್ಲದೆ ಯಾರೂ ಇಲ್ಲಿ ಮನೆ ಬ್ರೋಕರ್ ಆಗುವಂತಿಲ್ಲ. ಬಾಡಿಗೆ ಕರಾರನ್ನು ಮುನಿಸಿಪಾಲಿಟಿಯಲ್ಲಿ ನೋಂದಾಯಿಸಲೇಬೇಕು. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ದಿನಾ ಪೇಪರ್ ಓದುವವಳು, ವಾರಕ್ಕೊಮ್ಮೆ ಈ ಅಂಕಣದಲ್ಲಿ ನಿಮಗೆ ಬುದ್ಧಿ ಹೇಳುವವಳು ನಾನು. ಆದರೆ ಆ ಮನುಷ್ಯ ಬಾಯಿ ತೆರೆದದ್ದೇ ತುಳುವಿನಲ್ಲಿ! "ಈರೆನ ಊರು ಓಲು?" ಅಂದೆ. ನಿಮ್ಮ ಊರೆಲ್ಲಿ ಎಂದು. ಕಾಪುವಿನ ಹತ್ತಿರ ಎಂದರು. ನನ್ನ ಗಂಡನ ಸೋದರತ್ತೆಯ ಮನೆಯೂ ಅಲ್ಲೇ! ಯಾವ ಮನೆ, ಯಾರ ಮಗ, ಹೆಂಡತಿ ಎಲ್ಲಿಯವಳು, ಎಲ್ಲವನ್ನೂ ಕೂಲಂಕಷವಾಗಿ ವಿಚಾರಿಸಿದೆವು. ಲೈಸೆನ್ಸ್ ಒಂದನ್ನು ಬಿಟ್ಟು. ಊರಿನವರ ಹತ್ತಿರ ಲೈಸೆನ್ಸ್ ಕಾರ್ಡ್ ತೋರಿಸಿ ಎನ್ನುವುದು ಹೇಗೆ? ಮರ್ಯಾದೆ ಬೇಡವೇ?

ಆ ಮಂಗಳವಾರಕ್ಕೆ ಕೆಲವು ದಿನ ಮೊದಲು ಗಂಡನ ಆಫೀಸಿನಲ್ಲಿ ವೀಸಾ ಕೆಲಸ ನೋಡಿಕೊಳ್ಳುವವರು ಹೇಳಿದರು: ಹೆಂಡತಿ ಮಗಳ ವೀಸಾ ರಿನ್ಯೂ ಆಗಬೇಕಾದರೆ ನೋಂದಣಿಯಾದ ಬಾಡಿಗೆ ಕರಾರು ಬೇಕು. ಸುಧಾಕರಣ್ಣನಿಗೆ ಫೋನ್ ಮಾಡಿದೆ.

"ಅಕ್ಕಾ, ಇಡೀ ವಿಲ್ಲಾಕ್ಕೆ ಒಂದೇ ಕಾಂಟ್ರಾಕ್ಟ್ ಆಗುದು. ಅದು ಬೇರೆಯವರ ಹೆಸರಲ್ಲಿ ಉಂಟು. ನಿಮ್ಮದು ನಾವು ನಾವೇ ಮಾಡಿಕೊಂಡ ಪೇಪರ್ ಅಷ್ಟೆ. ಟೆನ್ಶನ್ ಮಾಡ್ಬೇಡಿ, ಇಲ್ಲಿ ಎಲ್ಲರೂ ಹೀಗೇ ಇರುದು."

ಟೆನ್ಶನ್ ಮಾಡಬಾರದಂತೆ! ವೀಸಾ ಮುಗಿಯುವುದರೊಳಗೆ ಸರಿಯಾದ ಮನೆ ಸಿಗದಿದ್ದರೆ ನಾನೂ ಮಗಳೂ ಉಡುಪಿಗೆ. ಗಂಡ ಇಲ್ಲಿ ಯಾವುದೋ ಬ್ಯಾಚುಲರ್ ರೂಮಿನ ಮಂಚಕ್ಕೆ. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ನಿದ್ದೆ ಬಂದರೂ ಸೂಟ್‌ಕೇಸ್ ತುಂಬುವುದೇ ಕನಸು.

ಮಂಗಳವಾರ ಮುನಿಸಿಪಾಲಿಟಿಯವರು ಗೇಟಿನಲ್ಲಿ ನಿಲ್ಲಲಿಲ್ಲ. ಸೀದಾ ನಮ್ಮ ಬಾಗಿಲಿಗೇ ಬಂದು ತಟ್ಟಿದರು.

"ಮುನಿಸಿಪಾಲಿಟಿ! ಎನಿಬಡಿ ಇನ್‌ಸೈಡ್?"

ಅನ್ವಿಯ ಬಾಯಿಗೆ ಕೈ ಅಡ್ಡ ಹಿಡಿದೆ. ಅವಳ ಬಾಯಿಯಲ್ಲಿನ್ನೂ ತುತ್ತಿತ್ತು. ಹೊರಗೆ ಇನ್ನೊಂದು ದನಿ ಹಿಂದಿಯಲ್ಲಿ, "ಕೋಯೀ ಹೈ? ಡರೋ ಮತ್, ಸಿರ್ಫ್ ದೇಖ್ನಾ ಹೈ" ಅಂದಿತು. ಹೆದರಬೇಡಿ, ನೋಡಬೇಕಷ್ಟೆ. ಎಷ್ಟು ಮೆತ್ತಗಿನ ದನಿ! ನನಗೆ ಇನ್ನಷ್ಟು ಹೆದರಿಕೆಯಾಯಿತು.

ಉಸಿರು ಬಿಗಿಹಿಡಿದು ಕೂತವಳಿಗೆ ಮಾಡಲು ಬೇರೆ ಕೆಲಸವಿಲ್ಲ. ಸುಮ್ಮನೆ ಮನೆ ನೋಡಿದೆ. ಮೆಟ್ಟಿಲ ಕೆಳಗೆ ನನ್ನ ಅಡುಗೆಮನೆ. ಬಾಗಿಲ ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್. ತಲೆಯ ಮೇಲೆ ಟೇಪು ಸುತ್ತಿದ ವಯರು, ಅದು ಯಾರ ಯಾರ ಎಸಿಗೆ ಹೋಗುತ್ತದೋ ದೇವರಿಗೇ ಗೊತ್ತು. ಹಿತ್ತಲಿಗೆ ತೆರೆಯುತ್ತಿದ್ದ ಎರಡನೇ ಬಾಗಿಲಿಗೆ ಬೋರ್ಡ್ ಹೊಡೆದಿದ್ದಾರೆ. ಆಚೆ ಬದಿಗೆ ಇನ್ನೊಬ್ಬರ ಕಪಾಟು. ಕಿಟಕಿಗೆ ಕಬ್ಬಿಣದ ಸರಳು.

ಇಲ್ಲಿ ಬೆಂಕಿ ಬಿದ್ದರೆ ನಾವು ಎಲ್ಲಿಂದ ಓಡುವುದು?

ದಿನಾ ಕಣ್ಣಿಗೆ ಬೀಳುವ ಗೋಡೆ, ದಿನಾ ಹಚ್ಚುವ ಒಲೆ. ಈ ಪ್ರಶ್ನೆ ಒಮ್ಮೆಯೂ ತಲೆಗೆ ಹೊಳೆದಿರಲಿಲ್ಲ. ಒಂದು ಮನೆಗೆ ಒಂದೇ ಕುಟುಂಬ ಅಂತ ಕಾನೂನು ಮಾಡಿದವರು ನನ್ನಂಥವರನ್ನು ಗೋಳು ಹೊಯ್ದುಕೊಳ್ಳಲು ಮಾಡಿದ್ದಾರೆ ಎಂದೇ ನಾನು ಬಯ್ಯುತ್ತಿದ್ದೆ. ಬಾಗಿಲ ಹೊರಗೆ ನಿಂತವನಿಗೆ ಬೇಕಾಗಿದ್ದದ್ದು ಇದೇ ವಯರು, ಇದೇ ಗೋಡೆ ನೋಡುವುದು. ತೆಗೆಯಲೇ? ತೆಗೆದರೆ ಆರು ಸಂಸಾರ ಬೀದಿಗೆ. ತೆಗೆಯದಿದ್ದರೆ? ನನ್ನ ಕೈ ಬೋಲ್ಟಿನವರೆಗೂ ಹೋಗಲಿಲ್ಲ.

ಕಾರು ಹೊರಟ ಸದ್ದಾಯಿತು. ಝೊಹರಾ ಓಡಿ ಬಂದಳು. "ಹೋದ್ರು ಮಾರಾಯ್ತಿ, ಬಚಾವ್!" ಅವಳಿಗೆ ವಯರು ತೋರಿಸಿದೆ. ಅವಳ ನಗು ನಿಂತಿತು. "ನಮ್ಮ ರೂಮಲ್ಲಿ ಇದಕ್ಕಿಂತ ಕಡೆ" ಎಂದು ಮೆಲ್ಲಗೆ ಮಹಡಿ ಹತ್ತಿದಳು.

ಸಂಜೆ ಗಂಡ ಬಂದ ಮೇಲೆ ಎಲ್ಲ ಹೇಳಿದೆ. ನೋಂದಣಿ ಮಾಡಿಕೊಡುವ ಫ್ಲ್ಯಾಟುಗಳ ಬಾಡಿಗೆ ಕೇಳಿದರೆ ಎದೆ ಒಡೆಯುತ್ತದೆ. ಆದರೂ ಹುಡುಕುತ್ತಿದ್ದಾರೆ. (ಈ ಸಲ ಬ್ರೋಕರ್ ಯಾವ ಊರಿನವನಾದರೂ ಮೊದಲು ಕಾರ್ಡ್.)

"ಫ್ಲ್ಯಾಟ್ ಸಿಗುವ ತನಕ ಯಾರು ತಟ್ಟಿದ್ರೂ ಬಾಗಿಲು ತೆಗೀಬೇಡಿ. ಯಾರೇ ಆಗ್ಲಿ" ಎಂದರು.

ಹೋಮ್‌ವರ್ಕ್ ಮಾಡುತ್ತಿದ್ದ ಅನ್ವಿ ತಲೆಯೆತ್ತಿ ಕೇಳಿದಳು: "ಪಪ್ಪಾ, ಈವನ್ ದ ಫೈರ್ ಬ್ರಿಗೇಡ್?"