ತುಂಡುಬಟ್ಟೆಯ ಇಂಗ್ಲಿಷ್

ಪಕ್ಕದ ಮನೆಯ ಜುಬೇದಾ ಆಪಾ ನನಗೆ ಇಂಗ್ಲಿಷ್ ಕಲಿಸಿದ್ದು ಕತ್ತರಿ ಹಿಡಿದು. ಜಗಳೂರಿನ ನಮ್ಮ ಓಣಿಯ ರವಿಕೆಗಳೆಲ್ಲ ಅವರೇ ಹೊಲಿದವು. ಉಳಿದ ತುಂಡುಬಟ್ಟೆಗಳ ಮೇಲೆ ಸೀಮೆಸುಣ್ಣದಲ್ಲಿ ಒಂದೊಂದು ಪದ ಬರೆದು ಹಿತ್ತಲ ಮೋಟುಗೋಡೆಯ ಮೇಲೆ ಹರಡುವರು. ‘ಟೀಚ್’ ಎಂಬ ತುಂಡಿಗೆ ‘ಅರ್’ ಎಂಬ ಚೂರು ಸೇರಿಸಿ ಗುಂಡುಸೂಜಿ ಚುಚ್ಚಿ, “ಬಾಲ ಹಚ್ಚಿದ್ವಿ, ಮನುಷ್ಯ ಎದ್ದು ನಿಂತ ನೋಡ್ರಿ” ಎನ್ನುವರು. ‘ಹ್ಯಾಪಿ’ಯ ಮುಂದೆ ‘ಅನ್’ ಇಟ್ಟು, “ಇಷ್ಟು ಚೂರು ಮುಂದೆ ಬಂತು, ಖುಷಿ ಹಾಳು. ಥೇಟ್ ನಿಮ್ಮ ಯಜಮಾನ್ರಂಗೆ!”

ನಾನು ಹತ್ತನೇ ತರಗತಿಯಲ್ಲಿ ಇಂಗ್ಲಿಷ್ ಒಂದರಲ್ಲೇ ನಪಾಸಾದವಳು. ಪಾಸಾದರೆ ಓಣಿಯ ಅಂಗನವಾಡಿಯಲ್ಲಿ ಸಹಾಯಕಿ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಆದರೆ ಅತ್ತೆಗೆ ಲಕ್ವ ಹೊಡೆದು ಎಡಭಾಗ ಬಿದ್ದು ಆರು ವರ್ಷ. ನಾನು ಹೊಸ್ತಿಲು ದಾಟಿದರೆ ಕೂಗು. ಗೋಡೆಯಾಚೆಯಿಂದಲೇ ಪಾಠ ಸಿಕ್ಕಿದ್ದು ಶಿವನ ಕೃಪೆ.

“ಹಂಗಾರೆ ಅಡಿಗೆ ಮಾಡೋಳು ಕುಕ್ಕರ್ ಏನ್ರಿ ಆಪಾ?” ಎಂದು ಒಮ್ಮೆ ಕೇಳಿದೆ.

ಅವರು ನಕ್ಕು ನಕ್ಕು ಸೂಜಿಡಬ್ಬಿ ಬೀಳಿಸಿದರು. “ಅದು ಪಾತ್ರೆ ಕಣವ್ವಾ! ನೀವು ಬರೀ ಕುಕ್. ಬಾಲ ಪಾತ್ರೆಗೆ ಹೋತು. ಅದಾದ್ರೂ ಸಿಟ್ಟು ಬಂದ್ರೆ ಸೀಟಿ ಹೊಡಿತೈತೆ.”

ಪರೀಕ್ಷೆಯ ದಿನ ಅತ್ತೆಯ ಬಳಿ ಕೂರಲು ಆಪಾ ಬಂದರು. ಅತ್ತೆ ಮಡಿಯವರು, ಬೇರೆಯವರ ಕೈನೀರು ಕುಡಿಯುವವರಲ್ಲ. “ಮೂರು ತಾಸು ಗಂಟಲು ಒಣಗಿಸ್ಕೊಂಡು ಸಾಯ್ಲೇನು?” ಎಂದು ಮುಖ ತಿರುಗಿಸಿದರು. ನಾನು ಹಾಲ್ ಟಿಕೆಟನ್ನು ಮತ್ತೆ ಪೆಟ್ಟಿಗೆಗೆ ಹಾಕಲು ಹೊರಟೆ. ಆಪಾ ಚೀಲದಿಂದ ಎಳನೀರು ತೆಗೆದಿಟ್ಟರು.

“ಇದನ್ನ ದೇವ್ರೇ ತುಂಬಿ ಮುಚ್ಚ್ಯಾನೆ ಅಮ್ಮಾರೆ. ನಿಮ್ಮ ಸೊಸೆ ಕೆತ್ತಿ ಪೈಪ್ ಹಾಕಿ ಹೋಗ್ತಾಳೆ. ನಾನು ಬರೀ ನೋಡ್ಕೊಂಡು ಕುಂದ್ರುತೀನಿ.”

ಅತ್ತೆ ಅದನ್ನೇ ದಿಟ್ಟಿಸಿದರು. “ಒಂದೇ ತಂದೀಯೇನು?”

“ಮೂರು ತಂದೀನ್ರಿ. ತಾಸಿಗೊಂದು.”

ಆರು ವರ್ಷದಲ್ಲಿ ನನ್ನದೆಂದು ಸಿಕ್ಕಿದ್ದು ಆ ಮೂರು ತಾಸು.

ಫಲಿತಾಂಶಕ್ಕೆ ಮೊದಲೇ ಆಪಾ ಮಂಡಿನೋವೆಂದು ಹೊನ್ನಾಳಿಯ ಮಗಳ ಮನೆ ಸೇರಿದರು. ಅವರ ಮೆಷಿನ್ ಆಟೋ ಏರುವಾಗ ನಾನು ಅತ್ತೆಯ ಮಗ್ಗುಲು ಬದಲಿಸುತ್ತಿದ್ದೆ. ಕಿಟಕಿಯಿಂದಲೇ ಕೈಬೀಸಿದೆ. ಪಾಸಾದೆನೆಂದು ಫೋನಿನಲ್ಲಿ ಹೇಳಿದಾಗ, “ಯಾ ಅಲ್ಲಾ!” ಎಂದು ಅವರು ಕೂಗಿದ್ದು ಅಡಿಗೆಮನೆಗೆಲ್ಲ ಕೇಳಿಸಿತು.

ಮೊನ್ನೆ ಮತ್ತೆ ಫೋನ್ ಮಾಡಿದ್ದರು. “ಅರ್ಜಿ ಹಾಕಿದ್ರಾ?”

“ಹಾಕಿದೆ ಆಪಾ.”

ಅರ್ಜಿ ಪೆಟ್ಟಿಗೆಯಲ್ಲೇ ಇತ್ತು, ಕಡೆಯ ದಿನ ದಾಟಿ ಆಗಲೇ ವಾರವಾಗಿತ್ತು. ಕೆಲಸ ಸಿಕ್ಕರೆ ದಿನವೂ ಅತ್ತೆಯ ಬಳಿ ಯಾರಾದರೂ ಕೂರಬೇಕು. ಹಾಗೆ ಕೂರುವವರು ಒಬ್ಬರೇ ಇದ್ದರು. ಅದನ್ನು ಅವರಿಗೇ ಹೇಳಲು ನನಗೆ ಬಾಯಿ ಬರಲಿಲ್ಲ.