ಸಾಹೇಬರ ಬೂಟಿನಾಗ ನನ್ನ ಕಾಲು

ಇವತ್ತು ಸಂಜಿಮುಂದ ನನ್ನ ನೌಕರಿ ಸ್ವಲ್ಪದಾಗ ಉಳೀತು, ಗೆಳೆಯರ.

ನಾನು ಗಣಿ ಆಫೀಸಿನ ಗುಮಾಸ್ತ, ಕೌಲ್ ಬಜಾರ್ ಕುಸ್ತಿ ಗರಡ್ಯಾಗ ಬೆಳದಾಂವ. ಗಾಲ್ಫ್ ಕಲಸ್ತೀನಂತ ಮ್ಯಾನೇಜರ್ ಸಾಹೇಬ್ರು ಬಯಲಿಗೆ ಕರದ್ರು. ಕೆಮ್ಮಣ್ಣು ಕಂಡಕೂಡ್ಲೆ ಗರಡಿ ರೂಢಿಯಂಗ ಚಪ್ಲಿ ದಂಡಿಗೆ ಬಿಟ್ಟೆ.

"ಬರಿಗಾಲಾಗ ಗಾಲ್ಫ್ ಆಡ್ತೀರೇನ್ರಿ?" ಅಂತ ಸಿಟ್ಟಾಗಿ ತಮ್ಮ ಹಳೇ ಬೂಟು ಕೊಟ್ರು. ನನಗ ಎರಡು ಬೆರಳು ದೊಡ್ಡವು. ಕೋಲು ಬೀಸಿದಾಗ ಕಾಲು ಬೂಟಿನೊಳಗೇ ಜಾರಿ, ಚೆಂಡು ಸಾಹೇಬರ ಕಿವಿ ಪಕ್ಕ ಹಾದು ಅವರ ಜೀಪಿನ ಗಾಜು ಒಡೀತು.

ಬೂಟು ಬಿಚ್ಚಿ, ಮಣ್ಣಾಗ ಕಾಲೂರಿ ಮತ್ತೊಮ್ಮೆ ಬೀಸಿದೆ. ಚೆಂಡು ನೆಟ್ಟಗ ಹೋತು.

ಸಾಹೇಬ್ರು ನನ್ನ ಪಾದ ನೋಡಿ, "ನಿಮ್ಮ ಕಾಲೇ ಸರಿ ಇಲ್ರಿ" ಅಂದ್ರು.

"ಹೌದ್ರಿ ಸಾಹೇಬ್ರ" ಅಂದೆ. ಅವರ ಬೂಟಿನ ಮ್ಯಾಲೆ ತಪ್ಪು ಹೊರಸಾಕ ನನಗೇನು ಹುಚ್ಚು ಹಿಡದಿಲ್ಲ.